ಬಾನುಲಿ ಜಾಲಗಳಲ್ಲಿ ಕೆಳಮಿತಿ: ಒಂದು ರುಜುವಾತಿನ ಮರುಪರಿಶೀಲನೆ

ಒಂದು ಕಾರ್ಯಕ್ಕೆ ಇದಕ್ಕಿಂತ ಶೀಘ್ರವಾದ ವಿಧಾನ ದೊರೆತಿಲ್ಲ ಎನ್ನುವುದು ಬೇರೆ. ಅಂಥ ವಿಧಾನ ಇರಲಾರದು ಎನ್ನುವುದು ಬೇರೆ. ಕವಿರಾಜಮಾರ್ಗವು ಹೆಸರಿಸುವ ವಿಮಳೋದಯ, ನಾಗಾರ್ಜುನರ ಕೃತಿಗಳು ದೊರೆತಿಲ್ಲವೆಂಬುದರಿಂದ ಅವು ಇರಲೇ ಇಲ್ಲವೆಂದು ನಾವು ನಿರ್ಣಯಿಸುವುದಿಲ್ಲ. ಗಣಕವಿಜ್ಞಾನದಲ್ಲಿ ಎರಡನೆಯ ಬಗೆಯ ಹೇಳಿಕೆಯನ್ನು 'ಕೆಳಮಿತಿ' ಎನ್ನಬಹುದು. ಅದನ್ನು ಸಾಧಿಸಲು ತಿಳಿದಿರುವ ವಿಧಾನಗಳನ್ನಷ್ಟೇ ಅಲ್ಲದೆ, ಸಾಧ್ಯವಿರುವ ಸಮಸ್ತ ವಿಧಾನಗಳನ್ನೂ ಎದುರಿಸಬೇಕಾಗುತ್ತದೆ.

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಒಂದು ಬಾನುಲಿ ಜಾಲವನ್ನು ಕಲ್ಪಿಸಿಕೊಳ್ಳೋಣ. ರಾಜಾಬಾಯಿ ಗೋಪುರದಲ್ಲಿ ಮೂಲಕೇಂದ್ರ. ಅದಕ್ಕೆ ನೆರೆಯಾಗಿ ದಾದಾಭಾಯಿ ನವರೋಜಿ ರಸ್ತೆಯ ಕಟ್ಟಡಗಳಲ್ಲಿ 1024 ಕೇಂದ್ರಗಳು. ಕೊನೆಗೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಒಂದು ಕೇಂದ್ರ. ನಡುವಣ ಕೇಂದ್ರಗಳಲ್ಲಿ ಕೆಲವು ಮಾತ್ರ ಟರ್ಮಿನಸ್‌ಗೆ ಕೇಳಿಸುತ್ತವೆ. ಪ್ರತಿಯೊಂದು ಕೇಂದ್ರವೂ ತನ್ನ ನೆರೆಯನ್ನಷ್ಟೇ ಬಲ್ಲದು. ಒಂದು ಸರದಿಯಲ್ಲಿ ನೆರೆಯ ಒಂದೇ ಕೇಂದ್ರ ಪ್ರಸಾರ ಮಾಡಿದರೆ ಸಂದೇಶ ಕೇಳಿಸುತ್ತದೆ. ಹಲವು ಮಾಡಿದರೆ ಘರ್ಷಣೆಯಾಗಿ ಏನೂ ಕೇಳಿಸದು. ಘರ್ಷಣೆಗೂ ಮೌನಕ್ಕೂ ಭೇದ ತಿಳಿಯದು.

ಆಕಸ್ಮಿಕ ಆಯ್ಕೆಯನ್ನು ಬಳಸದ ಯಾವ ವಿಧಾನಕ್ಕೂ ಇಲ್ಲಿ ಕೇಂದ್ರಗಳ ಸಂಖ್ಯೆಗೆ ಅನುಪಾತವಾಗಿ ಸರದಿಗಳು ಬೇಕೆಂದು ಬಾರ್-ಯೆಹೂದ, ಗೋಲ್ಡ್‌ರೈಕ್ ಮತ್ತು ಇತಾಯ್ 1987ರಲ್ಲಿ ಮಂಡಿಸಿ, 1992ರಲ್ಲಿ ವಿಸ್ತರಿಸಿ ಪ್ರಕಟಿಸಿದರು. ಇಂಥ ರುಜುವಾತಿನಲ್ಲಿ ಒಬ್ಬ ಎದುರಾಳಿಯನ್ನು ಕಲ್ಪಿಸಲಾಗುತ್ತದೆ. ವಿಧಾನವು ನಿಶ್ಚಿತವಾದುದರಿಂದ ಅದರ ನಡೆಯನ್ನು ಅವನು ಮೊದಲೇ ಅರಿತು, ಸರದಿ ಸರದಿಗೂ ಮೌನ ಅಥವಾ ಘರ್ಷಣೆಯೇ ಒದಗುವಂತೆ ಟರ್ಮಿನಸ್‌ನ ನೆರೆಯನ್ನು ಆರಿಸುತ್ತಾನೆ.

ಕೊವಾಲ್ಸ್ಕಿ ಮತ್ತು ಪೆಲ್ಟ್ಸ್ 2002ರಲ್ಲಿ ಈ ವಾದದ ಬಿರುಕನ್ನು ತೋರಿಸಿದರು. ಮೂಲಕೇಂದ್ರವು ಕರೆದ ಗುಂಪಿನಲ್ಲಿ ಟರ್ಮಿನಸ್‌ಗೆ ನೆರೆಯಾದವು ಮೊದಲು ತಾವಾಗಿಯೇ ಪ್ರಸಾರ ಮಾಡಲಿ. ಮುಂದಿನ ಸರದಿಯಲ್ಲಿ ಗುಂಪಿನ ಹೊರಗಿನ ಗೊತ್ತಾದ ಒಂದು ಕೇಂದ್ರವೂ ಅವುಗಳೊಡನೆ ಸೇರಲಿ. ಮೊದಲ ಸರದಿಯಲ್ಲಿ ಸಂದೇಶ ಕೇಳಿಸಿದರೆ ಅಂಥದು ಒಂದೇ ಇದೆ. ಎರಡನೆಯದರಲ್ಲಿ ಮಾತ್ರ ಕೇಳಿಸಿದರೆ ಒಂದೂ ಇಲ್ಲ. ಎರಡರಲ್ಲೂ ಮೌನವಾದರೆ ಹಲವಿವೆ. ಹೀಗೆ ಮೌನದಿಂದ ಘರ್ಷಣೆಯನ್ನು ಬೇರ್ಪಡಿಸಿ ಗುಂಪನ್ನು ಅರ್ಧರ್ಧವಾಗಿ ಕಿರಿದುಗೊಳಿಸಿದರೆ, 1024 ಕೇಂದ್ರಗಳಿಗೆ ಸುಮಾರು 10 ವಿಭಜನೆಗಳು ಸಾಕು.

ಘರ್ಷಣೆಯಲ್ಲಿಯೂ ಒಂದು ಸಂದೇಶ ಕೇಳಿಸಿಬಿಡಬಹುದು ಎಂಬ ಕಠಿಣತರ ನಿಯಮದಲ್ಲಿ ಹಳೆಯ ಕೆಳಮಿತಿ ನಿಲ್ಲುತ್ತದೆ. ಮೂಲ ಲೇಖಕರೂ ಈ ಕುರಿತು ತಿದ್ದುಪಡಿ ಪ್ರಕಟಿಸಿದರು. ಮೊದಲಿನ ನಿಯಮದಲ್ಲಿಯೇ, ವ್ಯಾಸ 4 ಇರುವ ಜಾಲಗಳಲ್ಲಿ ಕೇಂದ್ರಸಂಖ್ಯೆಯ ನಾಲ್ಕನೆಯ ಮೂಲದಷ್ಟು ಸರದಿಗಳು ಅನಿವಾರ್ಯವೆಂದು ಕೊವಾಲ್ಸ್ಕಿ ಮತ್ತು ಪೆಲ್ಟ್ಸ್ ಸಾಧಿಸಿದರು. ಆದ್ದರಿಂದ ಆಕಸ್ಮಿಕ ಆಯ್ಕೆಯ ವಿಧಾನಗಳ ಮೇಲುಗೈ ಉಳಿಯಿತು. ಅದರ ಆಧಾರ ಮಾತ್ರ ಬದಲಾಯಿತು. ಕೆಳಮಿತಿಯೊಂದನ್ನು ಉದ್ಧರಿಸುವವರು ಅದು ಯಾವ ನಿಯಮಕ್ಕೆ ಒಳಪಟ್ಟಿದೆಯೆಂಬುದನ್ನೂ ಜೊತೆಯಲ್ಲಿಯೇ ಉದ್ಧರಿಸತಕ್ಕದ್ದು.