ಒಬ್ಬರ ಆಪತ್ತು, ಹಲವರ ಹೆಗಲು

ಬಾಣಾವರದ ಸುತ್ತಣ ತೆಂಗಿನ ಸೀಮೆಯಲ್ಲಿ ಒಂದು ಶಸ್ತ್ರಚಿಕಿತ್ಸೆಗಾಗಿ ತೋಟವನ್ನೇ ಅಡವಿಡಬೇಕಾಗಿ ಬಂದರೆ, ಆ ಕುಟುಂಬವು ರೋಗಕ್ಕಿಂತ ಋಣದಿಂದಲೇ ಹೆಚ್ಚು ಬಳಲುತ್ತದೆ. ರೋಗವು ಯಾರಿಗೆ, ಎಂದು ಬಂದೀತೆಂದು ಹೇಳಬಲ್ಲವರಿಲ್ಲ. ಆದರೆ ಸಾವಿರಾರು ಜನರಲ್ಲಿ ಒಂದು ವರ್ಷಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುವವರು ಕೆಲವರು ಮಾತ್ರ. ಆರೋಗ್ಯ ವಿಮೆಯ ತತ್ತ್ವವು ನಿಂತಿರುವುದು ಈ ಲೆಕ್ಕದ ಮೇಲೆಯೇ.

2003ರ ಜೂನ್‌ನಲ್ಲಿ ಜಾರಿಗೆ ಬಂದ ಕರ್ನಾಟಕದ ಯಶಸ್ವಿನಿ ಯೋಜನೆಯು ಇದಕ್ಕೆ ನಿದರ್ಶನ. ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ ರೂಪುಗೊಂಡ ಈ ಯೋಜನೆಯಲ್ಲಿ, ಸಹಕಾರ ಸಂಘದ ಸದಸ್ಯರು ಆರಂಭದಲ್ಲಿ ವರ್ಷಕ್ಕೆ ತೆರಬೇಕಾದುದು ಕೇವಲ 60 ರೂಪಾಯಿ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ನಿಗದಿತ ಶಸ್ತ್ರಚಿಕಿತ್ಸೆಗಳು ಅವರಿಗೆ ಕೈಯಿಂದ ಹಣ ತೆರದೆಯೇ ದೊರೆಯುತ್ತಿದ್ದವು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ರೋಗಿಗಳಷ್ಟೇ ಸೇರಿದರೆ ನಿಧಿಯು ಬೇಗನೆ ಬರಿದಾಗುವುದು, ಆರೋಗ್ಯವಂತರೂ ಸೇರಬೇಕು. ಅಮೆರಿಕದ 2010ರ ಕಾಯಿದೆಯು ಇದೇ ಕಾರಣದಿಂದ ವಿಮೆ ಮಾಡಿಸದವರಿಗೆ ದಂಡ ವಿಧಿಸಿತು; 2019ರಿಂದ ಆ ದಂಡವನ್ನು ಸೊನ್ನೆಗಿಳಿಸಲಾಯಿತು. ನಮ್ಮಲ್ಲಿ ದಂಡವಿರಲಿಲ್ಲ, ಸಹಕಾರ ಸಂಘಗಳ ಬಂಧವೂ ಸರ್ಕಾರದ ನೆರವೂ ಜನರನ್ನು ಒಟ್ಟುಗೂಡಿಸಿದವು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡ ಯಶಸ್ವಿನಿಯು 2022-23ರಲ್ಲಿ ಮರುಜೀವ ಪಡೆಯಿತು.

ನಾವು ಆರೋಗ್ಯದಿಂದಿದ್ದ ವರ್ಷ ತೆತ್ತ ವಂತಿಗೆ ವ್ಯರ್ಥವಾಯಿತೆಂದು ಬಗೆಯಲಾಗದು. ಆ ವರ್ಷ ಅದು ನೆರೆಯವರ ತೋಟವನ್ನು ಉಳಿಸಿರುತ್ತದೆ.