ಡಬ್ಬ ಟಿವಿಗೆ ಯಾವ ಡಬ್ಬ?

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೊರಟ ಹೆದ್ದಾರಿಯಲ್ಲಿ ಕರ್ನಾಟಕದ ಕೊನೆಯ ಊರುಗಳಲ್ಲೊಂದು ಪುಣಜನೂರು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಹುಲಿ ಕಾಡು, ಅದರೊಳಗೆ ಸೋಲಿಗ ಬುಡಕಟ್ಟಿನವರ ಪುಟ್ಟ ವಸತಿಗಳಾದ ಪೋಡುಗಳು. ಚೆಕ್‌ಪೋಸ್ಟ್ ದಾಟಿ ಮುಂದೆ ಹೋದರೆ ತಮಿಳುನಾಡಿನ ಹಾಸನೂರು, ಅದರಾಚೆ ದಿಂಬಂ ಘಾಟಿ. ಇಂಥ ಊರಿನ ಮನೆಯೊಂದರಲ್ಲಿ ಬೆನ್ನು ದಪ್ಪಗಿರುವ ಪಿಕ್ಚರ್ ಟ್ಯೂಬಿನ ಟಿವಿ ಇನ್ನೂ ಗಟ್ಟಿಯಾಗಿದ್ದರೆ ಅದನ್ನು ಗುಜರಿಗೆ ಹಾಕಬೇಕಿಲ್ಲ. ಆದರೆ ಬಿದಿರು ಗಳಕ್ಕೆ ಆಂಟೆನಾ ಕಟ್ಟಿ ಚಿತ್ರ ಹಿಡಿಯುವ ಕಾಲ ಮುಗಿದಿದೆ. ಟಿವಿಗೂ ಆಕಾಶಕ್ಕೂ ನಡುವೆ ಒಂದು ಡಬ್ಬ ಬೇಕು. ಯಾವ ಡಬ್ಬ ಎಂಬ ಪ್ರಶ್ನೆಗೆ ಉತ್ತರ ಟಿವಿಯ ಕಂಪನಿಯಲ್ಲಿಲ್ಲ. ಆ ಮನೆ ಎಲ್ಲಿದೆ, ಅಲ್ಲಿಗೆ ಸಿಗ್ನಲ್ ಕಳಿಸುವವರು ಯಾರು ಎಂಬುದರಲ್ಲಿದೆ.

ಕನ್ನಡ ನಾಡಿಗೆ ಇಂಥ ಡಬ್ಬ ಮೊದಲು ಬಂದದ್ದು ಸುಮಾರು ಐದು ದಶಕಗಳ ಹಿಂದೆ, ಅದೂ ಟಿವಿಯನ್ನೇ ಕಾಣದ ಹಳ್ಳಿಗಳಿಗೆ. 1975ರ ಆಗಸ್ಟ್ 1ರಂದು ಇಸ್ರೊ ‘ಸೈಟ್’ ಎಂಬ ಒಂದು ವರ್ಷದ ಪ್ರಯೋಗ ಆರಂಭಿಸಿತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಎರವಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಡಲಾಯಿತು. ಕರ್ನಾಟಕದಿಂದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಆಯ್ಕೆಯಾದವು. ಕೋಳಿಬಲೆಯ ತಂತಿಯಿಂದ ಮಾಡಿದ, ಮೂರು ಮೀಟರ್ ಅಗಲದ ಡಿಶ್ ಹಳ್ಳಿಯ ಬಯಲಲ್ಲಿ ನಿಲ್ಲುತ್ತಿತ್ತು. ಉಪಗ್ರಹದ ಸಿಗ್ನಲ್ಲನ್ನು ಟಿವಿಗೆ ಅರ್ಥವಾಗುವಂತೆ ಬದಲಿಸಲು ನಡುವೆ ಒಂದು ಪರಿವರ್ತಕ ಪೆಟ್ಟಿಗೆ. ಬೇಸಾಯ, ಆರೋಗ್ಯ, ಶಾಲೆಯ ಪಾಠ ಕನ್ನಡದಲ್ಲಿ ಹಳ್ಳಿಗೆ ಇಳಿದದ್ದು ಹಾಗೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು. ಅದಕ್ಕೆ ಆರು ವರ್ಷ ಮೊದಲೇ ಆ ಜಿಲ್ಲೆಗಳ ರೈತರು ಡಿಶ್ಶಿನ ಟಿವಿ ನೋಡಿದ್ದರು.

1976ರ ಜುಲೈ ಕೊನೆಗೆ ಪ್ರಯೋಗ ಮುಗಿಯಿತು. ಆಮೇಲೆ ದೇಶ ಹಿಡಿದದ್ದು ನೆಲದ ದಾರಿ. ಇನ್ಸಾಟ್-1ಬಿ ಉಪಗ್ರಹ 1983ರಲ್ಲಿ ಮೇಲೇರಿದ ಮೇಲೆ ದೆಹಲಿಯ ಕಾರ್ಯಕ್ರಮ ಊರೂರಿನ ಟ್ರಾನ್ಸ್‌ಮಿಟರಿಗೆ ತಲುಪಿ, ಅಲ್ಲಿಂದ ಮನೆಗಳಿಗೆ ಹರಡತೊಡಗಿತು. 1984ರ ಕೆಲವು ತಿಂಗಳು ದಿನಕ್ಕೊಂದರಂತೆ ಟ್ರಾನ್ಸ್‌ಮಿಟರ್ ಶುರುವಾದವು. ಅವುಗಳಲ್ಲಿ ಬಹುಪಾಲು 100 ವಾಟ್ ಶಕ್ತಿಯ ಸಣ್ಣವು. ಬಯಲು ಸೀಮೆಯಲ್ಲಿ ಅವುಗಳ ತರಂಗ ಒಂದಷ್ಟು ದೂರ ಓಡುತ್ತಿತ್ತು; ಎದುರಿಗೆ ಬೆಟ್ಟ ಬಂದರೆ ಅಲ್ಲಿಗೇ ನಿಲ್ಲುತ್ತಿತ್ತು. ಬೂಸ್ಟರ್ ಹಾಕಿದರೂ ತೆರೆಯ ಮೇಲೆ ಹರಳು ಹರಳು ಚುಕ್ಕೆ, ಒಂದರ ಹಿಂದೆ ಒಂದು ನೆರಳು. ಬಿಳಿಗಿರಿರಂಗನ ಬೆಟ್ಟದ ಮಗ್ಗುಲಿನಂಥ ಕಣಿವೆಗಳಿಗೆ ಈ ವ್ಯವಸ್ಥೆ ಹೇಳಿ ಮಾಡಿಸಿದ್ದಲ್ಲ.

ಆ ವ್ಯವಸ್ಥೆಯೂ ಈಗ ಇಲ್ಲ. ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು 2022ರ ಮಾರ್ಚ್ ಒಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಆಯಕಟ್ಟಿನ ಜಾಗಗಳಲ್ಲಿರುವ ಸುಮಾರು 50ನ್ನು ಮಾತ್ರ ಉಳಿಸಿಕೊಂಡಿತು. ಅವುಗಳ ಜಾಗಕ್ಕೆ ಎಲ್ಲ ಕಡೆ ಡಿಜಿಟಲ್ ಟ್ರಾನ್ಸ್‌ಮಿಟರ್ ಬರಲಿಲ್ಲ. 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿವಿಬಿ-ಟಿ2 ಎಂಬ ಡಿಜಿಟಲ್ ಭೂಪ್ರಸಾರ ಆರಂಭವಾಗಿತ್ತು. ಚಾಮರಾಜನಗರ ಆ ಪಟ್ಟಿಯಲ್ಲಿ ಇರಲಿಲ್ಲ.

ಅಮೆರಿಕದಲ್ಲಿ ಇದೇ ಬದಲಾವಣೆ ಬೇರೆ ರೀತಿ ನಡೆಯಿತು. ಅಲ್ಲಿ ದೊಡ್ಡ ಕೇಂದ್ರಗಳೆಲ್ಲ 2009ರ ಜೂನ್ 12ರ ಹೊತ್ತಿಗೆ ಅನಲಾಗ್ ನಿಲ್ಲಿಸಿದವು. ಹಳೆಯ ಟಿವಿ ಇದ್ದವರಿಗೆ ಸರ್ಕಾರವೇ ಮನೆಗೆ ಎರಡರವರೆಗೆ 40 ಡಾಲರ್ ಕೂಪನ್ ಕೊಟ್ಟಿತು. ಅದನ್ನು ಅಂಗಡಿಯಲ್ಲಿ ತೋರಿಸಿ ಪರಿವರ್ತಕ ಕೊಂಡು, ಇದ್ದ ಆಂಟೆನಾವನ್ನೇ ಅದಕ್ಕೆ ಸಿಕ್ಕಿಸಿದರೆ ಆಯಿತು. ಆ ಡಬ್ಬವನ್ನು ಅಲ್ಲಿರುವ ನೆಂಟರು ಊರಿಗೆ ತಂದುಕೊಟ್ಟರೂ ಇಲ್ಲಿ ಕೆಲಸಕ್ಕೆ ಬಾರದು. ಅದು ಹುಡುಕುವ, ಅಮೆರಿಕದ ಮಾನದಂಡವಾದ ಎಟಿಎಸ್‌ಸಿ ಪ್ರಸಾರ ಭಾರತದಲ್ಲಿಲ್ಲ.

ಹಾಗಾದರೆ ಪುಣಜನೂರಿನ ಟಿವಿಗೆ ಉಳಿದದ್ದು ಮೂರು ದಾರಿ: ಕೇಬಲ್, ಡಿಟಿಎಚ್, ದೂರದರ್ಶನದ ಫ್ರೀ ಡಿಶ್.

ಕೇಬಲ್ಲಿಗೆ ಡಬ್ಬ ಕಡ್ಡಾಯವಾದದ್ದು 2011ರ ಕಾನೂನು ತಿದ್ದುಪಡಿಯಿಂದ. ಮೊದಲು ನಾಲ್ಕು ಮಹಾನಗರ, 2013ರ ಮಾರ್ಚ್ 31ರ ಗಡುವಿನಲ್ಲಿ ಬೆಂಗಳೂರು ಮತ್ತು ಮೈಸೂರು, 2015ರ ಕೊನೆಗೆ ಉಳಿದ ಪಟ್ಟಣಗಳು, ಕೊನೆಗೆ ಹಳ್ಳಿಗಳು. ಹಳ್ಳಿಗಳ ಗಡುವು 2016ರ ಡಿಸೆಂಬರಿಗೆ ಇತ್ತು, 2017ರ ಮಾರ್ಚ್‌ವರೆಗೆ ಮುಂದೆ ಹೋಯಿತು. ಕೇಬಲ್ಲಿನಲ್ಲಿ ಡಬ್ಬವನ್ನು ನೋಡುಗ ಆರಿಸುವುದು ಕಡಿಮೆ. ಆಪರೇಟರ್ ಯಾವುದನ್ನು ಕೊಡುತ್ತಾನೋ ಅದೇ. ಒಂದು ಜಾಲದ ಡಬ್ಬ ಇನ್ನೊಂದರಲ್ಲಿ ತೆರೆಯುವುದಿಲ್ಲ. ಮೇಲಾಗಿ, ಮನೆಗಳು ಚದುರಿರುವ ಪೋಡಿನ ತನಕ ತಂತಿ ಎಳೆಯುವುದು ಆಪರೇಟರಿಗೆ ಲೆಕ್ಕಕ್ಕೆ ಬಾರದ ವ್ಯವಹಾರ.

ಡಿಟಿಎಚ್‌ಗೆ ತಂತಿಯ ಹಂಗಿಲ್ಲ. 2003ರಲ್ಲಿ ಡಿಶ್ ಟಿವಿ, 2006ರಲ್ಲಿ ಟಾಟಾ ಸ್ಕೈ, ಆಮೇಲೆ ಸನ್ ಡೈರೆಕ್ಟ್, ಏರ್‌ಟೆಲ್, ವಿಡಿಯೊಕಾನ್ ಬಂದವು. ಖಾಸಗಿ ಕನ್ನಡ ವಾಹಿನಿಗಳ ಧಾರಾವಾಹಿ, ಸಿನಿಮಾ, ಕ್ರಿಕೆಟ್ ಬೇಕೇ ಬೇಕು ಎನ್ನುವವರಿಗೆ ದಾರಿ ಇದೇ. ಆದರೆ ರೀಚಾರ್ಜ್ ನಿಂತ ದಿನ ಹಣದ ವಾಹಿನಿ ಮುಚ್ಚುತ್ತದೆ. 2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ತಂದ ಹೊಸ ದರ ಪದ್ಧತಿಯಲ್ಲಿ ಮೂಲ ಜಾಲ ಶುಲ್ಕಕ್ಕೇ 130 ರೂಪಾಯಿಯ ಮಿತಿ ಇತ್ತು, ಜೊತೆಗೆ ಜಿಎಸ್‌ಟಿ. ಬೇಕಾದ ವಾಹಿನಿಗಳ ದರ ಅದರ ಮೇಲೆ. ಇಲ್ಲಿಯೂ ಕಂಪನಿ ಬದಲಿಸಿದರೆ ಡಬ್ಬ ಬದಲಿಸಬೇಕು. ಯಾವ ಕಂಪನಿಗಾದರೂ ಹೊಂದುವಂಥ ಡಬ್ಬ ಇರಲಿ ಎಂದು ಟ್ರಾಯ್ 2020ರಲ್ಲಿ ಶಿಫಾರಸು ಮಾಡಿತ್ತು.

ಮೂರನೆಯದು, ತಿಂಗಳ ಬಾಡಿಗೆಯೇ ಇಲ್ಲದ್ದು. 2004ರ ಡಿಸೆಂಬರ್ 16ರಂದು ಪ್ರಧಾನಿ ಮನಮೋಹನ್ ಸಿಂಗ್ ‘ಡಿಡಿ ಡೈರೆಕ್ಟ್ ಪ್ಲಸ್’ ಸೇವೆಗೆ ಚಾಲನೆ ಕೊಟ್ಟಾಗ ಅದರಲ್ಲಿದ್ದದ್ದು 33 ವಾಹಿನಿ. ಟ್ರಾನ್ಸ್‌ಮಿಟರ್ ಮುಟ್ಟದ ಊರುಗಳಿಗೆ ದೂರದರ್ಶನ ತಲುಪಿಸುವುದು ಅದರ ಉದ್ದೇಶ. ಮುಂದೆ ಅದು ಡಿಡಿ ಫ್ರೀ ಡಿಶ್ ಆಯಿತು. 2011ರಿಂದ ಖಾಸಗಿ ವಾಹಿನಿಗಳು ಹರಾಜಿನಲ್ಲಿ ಜಾಗ ಕೊಂಡು ಸೇರಿದವು. 2022ರ ಹೊತ್ತಿಗೆ ಅದು 4.3 ಕೋಟಿ ಮನೆಗಳಲ್ಲಿತ್ತು ಎಂಬುದು ಒಂದು ಅಂದಾಜು. ಡಿಶ್, ಎಲ್‌ಎನ್‌ಬಿ, ಡಬ್ಬ ಎಲ್ಲಕ್ಕೂ ಒಂದೇ ಸಲ ಸುಮಾರು ಎರಡು ಸಾವಿರ ರೂಪಾಯಿ. ಕನ್ನಡದ ನೋಡುಗನಿಗೆ ಇದರಲ್ಲೊಂದು ಕೊರತೆಯಿದೆ: ಅಲ್ಲಿ ಸಿಂಹಪಾಲು ಹಿಂದಿ ವಾಹಿನಿಗಳದ್ದು. ದೂರದರ್ಶನದ ಕನ್ನಡ ವಾಹಿನಿ ಚಂದನ ಸಿಗುತ್ತದೆ. ವಾರ್ತೆ, ‘ಥಟ್ ಅಂತ ಹೇಳಿ’ ರಸಪ್ರಶ್ನೆ, ಕೃಷಿ ಕಾರ್ಯಕ್ರಮ ಸಾಕು ಎನ್ನುವ ಮನೆಗೆ ಇದರಷ್ಟು ಅಗ್ಗದ್ದು ಬೇರೊಂದಿಲ್ಲ.

ಟ್ರಾನ್ಸ್‌ಮಿಟರಿನ ಕಾಲದಲ್ಲಿ ಅಡ್ಡಬರುತ್ತಿದ್ದ ಬೆಟ್ಟ ಈಗ ಅಡ್ಡಿಯಲ್ಲ. ಫ್ರೀ ಡಿಶ್ ಪ್ರಸಾರ ಮಾಡುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸಮಭಾಜಕದ ನೇರ ಮೇಲಿದೆ. ಲೆಕ್ಕ ಹಾಕಿದರೆ ಪುಣಜನೂರಿನಿಂದ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಅಷ್ಟು ಎತ್ತರಕ್ಕೆ ದೂರದ ಬೆಟ್ಟ ಬಾರದು. ಮನೆಗೆ ತಾಗಿಕೊಂಡ ದೊಡ್ಡ ಮರ ಮಾತ್ರ ಬರಬಹುದು. ಹಾಗಾಗಿ ಡಬ್ಬ ಕೊಳ್ಳುವ ಮೊದಲು ಅಂಗಳದಲ್ಲಿ ನಿಂತು ಆಗ್ನೇಯದ ಆಕಾಶ ನೋಡುವುದು ಒಳ್ಳೆಯದು. ಜಡಿಮಳೆ ಸುರಿಯುವಾಗ ಚಿತ್ರ ಚೌಕ ಚೌಕವಾಗಿ ಒಡೆದು ಹೋಗುವುದು ಡಿಟಿಎಚ್‌ಗೂ ಫ್ರೀ ಡಿಶ್‌ಗೂ ಸಮಾನ. ಈ ತರಂಗಗಳನ್ನು ಮಳೆನೀರು ಹೀರಿಕೊಳ್ಳುತ್ತದೆ.

ಆಮೇಲೆ ನೋಡಬೇಕಾದದ್ದು ಟಿವಿಯ ಬೆನ್ನು. ಹಳದಿ, ಬಿಳಿ, ಕೆಂಪು ಬಣ್ಣದ ಎವಿ ತೂತುಗಳಿದ್ದರೆ ಸುಲಭ: ಹಳದಿ ಚಿತ್ರಕ್ಕೆ, ಉಳಿದೆರಡು ಧ್ವನಿಗೆ. ಒಂದೇ ಸ್ಪೀಕರಿನ ಟಿವಿಗಳಲ್ಲಿ ಹಳದಿ, ಬಿಳಿ ಎರಡೇ ಇರುವುದೂ ಉಂಟು. ಆಗ ಕೆಂಪು ಪಿನ್ನು ಬಿಟ್ಟರಾಯಿತು. ಇನ್ನೂ ಹಳೆಯ ಕಪ್ಪು-ಬಿಳುಪು ಸೆಟ್ಟುಗಳಲ್ಲಿ ಆಂಟೆನಾ ತೂತು ಬಿಟ್ಟರೆ ಬೇರೇನೂ ಇರದು. ಅದಕ್ಕೆ ಆರ್‌ಎಫ್ ಔಟ್ ಇರುವ ಡಬ್ಬ ಬೇಕು, ಇಲ್ಲವೇ ನಡುವೆ ಆರ್‌ಎಫ್ ಮಾಡ್ಯುಲೇಟರ್ ಸಿಕ್ಕಿಸಬೇಕು. ಎಚ್‌ಡಿಎಂಐ ಮಾತ್ರ ಇರುವ ಡಬ್ಬ ತಂದರೆ ಅದನ್ನು ಎವಿಗೆ ಬದಲಿಸಲು ಮತ್ತೊಂದು ಸಣ್ಣ ಡಬ್ಬಕ್ಕೆ ದುಡ್ಡು ಕೊಡಬೇಕಾಗುತ್ತದೆ. ಹಳೆಯ ತೆರೆಯ ಅಳತೆ 4:3, ಈಗಿನ ಪ್ರಸಾರದ್ದು 16:9. ಸೆಟ್ಟಿಂಗಿನಲ್ಲಿ ಸರಿಮಾಡದಿದ್ದರೆ ಮುಖಗಳೆಲ್ಲ ಉದ್ದುದ್ದ ಕಾಣುತ್ತವೆ.

ಅಂಗಡಿಯಲ್ಲಿ ಕೇಳಲೇಬೇಕಾದ ಇನ್ನೊಂದು ಮಾತು: ಎಂಪೆಗ್-2 ಡಬ್ಬವೋ, ಎಂಪೆಗ್-4 ಡಬ್ಬವೋ? ಹಳೆಯ ಎಂಪೆಗ್-2 ಡಬ್ಬಕ್ಕೆ ಎಂಪೆಗ್-4ರಲ್ಲಿ ಬರುವ ವಾಹಿನಿ ತೆರೆಯದು; ಎಂಪೆಗ್-4 ಡಬ್ಬ ಎರಡನ್ನೂ ತೆರೆಯುತ್ತದೆ. ಟಿವಿ ಹಳೆಯದೆಂದು ಹಳೆಯ ಡಬ್ಬವೇ ಸಾಕೆನ್ನುವುದು ಇಲ್ಲಿ ನಷ್ಟದ ಲೆಕ್ಕ.

ಗಡಿಯಾಚೆ ಕತೆ ಬೇರೆ. ಹಾಸನೂರು, ತಾಳವಾಡಿ ಸೀಮೆ ಈರೋಡ್ ಜಿಲ್ಲೆಗೆ ಸೇರಿದ್ದರೂ ತಾಳವಾಡಿ ಕಡೆಯ ಮನೆಮಾತು ಬಹುಪಾಲು ಕನ್ನಡ. ನಟ ರಾಜ್‌ಕುಮಾರ್ ಅವರ ಊರು ಗಾಜನೂರು ಇರುವುದು ಅಲ್ಲೇ. ತಮಿಳುನಾಡು ಸರ್ಕಾರ 2006ರಿಂದ ಬಡ ಕುಟುಂಬಗಳಿಗೆ ಬಣ್ಣದ ಟಿವಿ ಉಚಿತವಾಗಿ ಹಂಚಿತು. 2017ರಲ್ಲಿ ತನ್ನದೇ ಅರಸು ಕೇಬಲ್ ನಿಗಮದ ಮೂಲಕ ಸೆಟ್ ಟಾಪ್ ಬಾಕ್ಸನ್ನೂ ಉಚಿತವಾಗಿ ಕೊಡತೊಡಗಿತು. ಹೀಗೆ ಚೆಕ್‌ಪೋಸ್ಟಿನ ಆ ಬದಿಯ ಕನ್ನಡಿಗನಿಗೆ ಟಿವಿಯೂ ಡಬ್ಬವೂ ಚೆನ್ನೈನಿಂದ ಬಂದವು; ಈ ಬದಿಯವನು ಎರಡನ್ನೂ ಚಾಮರಾಜನಗರದ ಅಂಗಡಿಯಲ್ಲಿ ಕೊಳ್ಳಬೇಕಾಯಿತು. ಚಂದನ ನೋಡಲು ಡಿಶ್ ಹಾಕಿಸಿಕೊಂಡರೆ ಮಾತ್ರ ಇಬ್ಬರಿಗೂ ಸಿಗುವುದು ಒಂದೇ ಸಿಗ್ನಲ್. ಉಪಗ್ರಹಕ್ಕೆ ರಾಜ್ಯದ ಗಡಿ ಕಾಣದು.

ಕೇಂದ್ರ ಸಚಿವ ಸಂಪುಟ 2023ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟ, ಪ್ರಸಾರ ಸೌಕರ್ಯ ವಿಸ್ತರಿಸುವ ‘ಬೈಂಡ್’ ಯೋಜನೆಯಲ್ಲಿ ದುರ್ಗಮ, ಬುಡಕಟ್ಟು ಮತ್ತು ಗಡಿ ಪ್ರದೇಶಗಳಿಗೆ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಡಬ್ಬಗಳನ್ನು ಉಚಿತವಾಗಿ ಹಂಚುವ ಭಾಗವೂ ಇತ್ತು. ಅದಕ್ಕೂ ಮೊದಲೇ, ಟಿವಿಯೊಳಗೇ ಉಪಗ್ರಹ ಟ್ಯೂನರ್ ಅಳವಡಿಸಲು ಭಾರತೀಯ ಮಾನಕ ಬ್ಯೂರೊ ಐಎಸ್ 18112:2022 ಎಂಬ ಮಾನದಂಡ ಹೊರಡಿಸಿತ್ತು. ಆ ಟ್ಯೂನರ್ ಇರುವ ಟಿವಿಗೆ ಉಚಿತ ವಾಹಿನಿ ನೋಡಲು ಹೊರಗಿನ ಡಬ್ಬ ಬೇಡ, ಡಿಶ್ ಮಾತ್ರ ಸಾಕು. ಆದ್ದರಿಂದ ಇವತ್ತು ಹಳೆಯ ಸೆಟ್ಟಿಗಾಗಿ ಹಾಕಿಸಿದ ಡಿಶ್ಶನ್ನು ನಾಳೆ ಪಿಕ್ಚರ್ ಟ್ಯೂಬ್ ಕೈಕೊಟ್ಟಾಗ ಕಳಚಬೇಕಾಗಿಲ್ಲ. ಅದರ ವೈರನ್ನು ಡಬ್ಬದಿಂದ ಬಿಚ್ಚಿ, ಅಂಥ ಟ್ಯೂನರ್ ಇರುವ ಹೊಸ ಟಿವಿಗೆ ನೇರವಾಗಿ ಸಿಕ್ಕಿಸಬಹುದು.