ಕೆಡವಬೇಕೆ, ಉಳಿಸಬೇಕೆ? - ಯಗಟಿ ಸೀಮೆಯ ಹಳೆಯ ಮನೆಗಳು

ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಕಾಫಿಯ ತೋಟವನ್ನೂ ಜಡಿಮಳೆಯನ್ನೂ ನೆನೆಯುವವರು ಕಡೂರು ತಾಲ್ಲೂಕಿನ ಯಗಟಿಗೆ ಬಂದರೆ ಬೆರಗಾಗುವುದುಂಟು. ಇಲ್ಲಿ ಕಣ್ಣಿಗೆ ಬೀಳುವುದು ತೆಂಗಿನ ತೋಟ, ರಾಗಿಯ ಹೊಲ, ಬಯಲುಸೀಮೆಯ ಬಿಸಿಲು. ಮಳೆ ಕಡಿಮೆಯಾದ ಈ ನಾಡಿನಲ್ಲಿ ಹಿರಿಯರು ಮನೆ ಕಟ್ಟಿದುದು ಕಾಲಡಿಯ ಮಣ್ಣಿನಿಂದಲೇ. ಒಂದೂವರೆ ಎರಡು ಅಡಿ ದಪ್ಪದ ಗೋಡೆ, ಮರದ ಕಂಬ, ತೊಲೆ, ಜಂತೆ. ಮೇಲೆ ಮಣ್ಣಿನ ಮಾಳಿಗೆ ಇಲ್ಲವೆ ಹೆಂಚಿನ ಸೂರು. ಅನುಕೂಲಸ್ಥರಾದರೆ ನಡುವೆ ಒಂದು ತೊಟ್ಟಿ.

ಇಂತಹ ಮನೆಯ ಯಜಮಾನನಿಗೆ ಇಂದು ಎದುರಾಗುವ ಪ್ರಶ್ನೆ ಸುಲಭವಾದುದಲ್ಲ. ಕೆಡವಿ ಕಾಂಕ್ರೀಟಿನ ಮನೆ ಕಟ್ಟಬೇಕಾದರೆ ಸಾಲವಾಗಬೇಕು. ಇದ್ದಂತೆಯೇ ಬಿಟ್ಟರೆ, ಹಿಂಗಾರಿನ ಒಂದು ರಾತ್ರಿ ಗೋಡೆ ಕುಸಿದು ಮಲಗಿದವರ ಮೇಲೆ ಬೀಳುವ ಭಯ. ಈ ಭಯ ಬರಿಯ ಕಲ್ಪನೆಯಲ್ಲ. 2022ರ ಮಳೆಗಾಲದಲ್ಲಿ ಕರ್ನಾಟಕದಲ್ಲಿ ಕುಸಿದ ಮನೆಗಳು ಸಾವಿರಗಟ್ಟಲೆ. ಆದರೆ ಸಾಲಕ್ಕೂ ಭಯಕ್ಕೂ ನಡುವೆ ದುರಸ್ತಿಯೆಂಬ ದಾರಿಯೊಂದು ಉಂಟು. ಅದನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದರ ಮೇಲೆಯೇ ಖರ್ಚೂ ಕ್ಷೇಮವೂ ನಿಂತಿವೆ.

ಮಣ್ಣಿನ ಗೋಡೆಯನ್ನು ಕೆಡಿಸುವುದು ನೀರು. ಒಣಗಿರುವಷ್ಟು ಕಾಲ ಅದು ತಲೆಮಾರುಗಳ ಭಾರವನ್ನು ಹೊರುತ್ತದೆ. ನೆನೆಯಿತೆಂದರೆ ಬುಡದಲ್ಲಿಯೇ ಮೆತ್ತಗಾಗಿ ಕೂರುತ್ತದೆ. ಆದುದರಿಂದ ಮೊದಲ ರೂಪಾಯಿ ಸೂರಿಗೆ, ಎರಡನೆಯದು ಗೋಡೆಯ ಬುಡಕ್ಕೆ ಸಲ್ಲಬೇಕು. ನಮ್ಮವರಲ್ಲಿ ಬಹಳ ಮಂದಿ ನೆಲಕ್ಕೆ ಟೈಲ್ಸು ಹಾಕಿ, ಬಣ್ಣ ಬಳಿದು, ಹಣ ಮುಗಿದ ಮೇಲೆ ಸೋರುವ ಸೂರನ್ನು ನೋಡುತ್ತಾರೆ!

ಮಾಳಿಗೆಯ ವಿಷಯದಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಆರು ಅಂಗುಲ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು 250 ಕಿಲೋ ತೂಗುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಅದು ಎರಡೂವರೆ ಟನ್ನಿಗೂ ಮೇಲಾಯಿತು. ಸೋರಿದಾಗಲೆಲ್ಲ ಹಳೆಯದನ್ನು ತೆಗೆಯದೆ ಹೊಸ ಮಣ್ಣನ್ನು ಹರವುತ್ತ ಹೋದರೆ ದಪ್ಪ ಒಂದು ಅಡಿಯಾಗುತ್ತದೆ, ಭಾರ ಇಮ್ಮಡಿಸುತ್ತದೆ. ಜಂತೆ ಮಾತ್ರ ಅಜ್ಜನ ಕಾಲದ್ದೇ. ಆದುದರಿಂದ ಮೊದಲು ಹೆಚ್ಚಿನ ಮಣ್ಣನ್ನು ಇಳಿಸಬೇಕು. ಮಾಳಿಗೆಯನ್ನೇ ತೆಗೆದು ಹೆಂಚು ಹೊದಿಸುವುದಾದರೆ ಭಾರ ಬಹಳ ಕಡಿಮೆಯಾಗುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹೂಡಿ ತಯಾರಿಸತೊಡಗಿದ ಹೆಂಚಿನ ಮಾದರಿ ಇಂದಿಗೂ ಒಳ್ಳೆಯದೇ. ಅದರ ಬದಲು ಅಗ್ಗವೆಂದು ಕಲ್ನಾರಿನ ಶೀಟು ಹೊದಿಸುವುದು ಉಚಿತವಲ್ಲ: ಕೊಯ್ಯುವಾಗ, ತೂತು ಕೊರೆಯುವಾಗ ಏಳುವ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು.

ತೊಲೆ ಕೆಡುವುದು ಸಾಮಾನ್ಯವಾಗಿ ನಡುವೆ ಅಲ್ಲ, ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ತೇವವೂ ಗೆದ್ದಲೂ ಸೇರುವುದು ಅಲ್ಲಿಯೇ. ಸುತ್ತಿಗೆಯಿಂದ ಮೆಲ್ಲನೆ ಬಡಿದರೆ ಗಟ್ಟಿ ಮರ ಕಣಕಣಿಸುತ್ತದೆ, ಟೊಳ್ಳು ಮರದ ದನಿ ಮಂಕಾಗಿರುತ್ತದೆ. ತುದಿ ಕೆಟ್ಟ ಮಾತ್ರಕ್ಕೆ ಇಡೀ ತೊಲೆಯನ್ನು ಬದಲಿಸಬೇಕಾಗಿಲ್ಲ. ಬಲ್ಲ ಬಡಗಿ ಕೆಟ್ಟ ಭಾಗವನ್ನು ಕೊಯ್ದು ಹೊಸ ಮರವನ್ನು ಬೆಸೆಯಬಲ್ಲ. ಆದರೆ ಹಾಗೆ ಮಾಡುವ ಮುನ್ನ, ಹಲಗೆಯ ಮೇಲೆ ನಿಲ್ಲಿಸಿದ ಆಸರೆಯ ಕಂಬಗಳು ಮೇಲಿನ ಭಾರವನ್ನು ಹೊತ್ತಿರಲೇಬೇಕು. ದುರಸ್ತಿಯ ಸಮಯದಲ್ಲಿ ಆಗುವ ಅನಾಹುತಗಳಿಗೆ ಈ ಒಂದು ಉದಾಸೀನ ಸಾಕು. ಹಳೆಯ ಕಂಬ ಬಾಗಿಲುಗಳನ್ನು ಕೊಳ್ಳಲು ಊರೂರು ತಿರುಗುವ ವರ್ತಕರಿಗೆ ಮರವನ್ನು ಕೈಬಿಟ್ಟು, ಬಳಿಕ ಪೇಟೆಯಿಂದ ಕಳಪೆ ಮರವನ್ನು ತರುವುದು ಜಾಣತನವಲ್ಲ.

ಗೋಡೆಯ ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ ಎಂದು ತಿಳಿಯಲು, ಅದರ ಮೇಲೆ ಅಡ್ಡಲಾಗಿ ಕಾಗದದ ಪಟ್ಟಿಯನ್ನು ಬಿಗಿಯಾಗಿ ಅಂಟಿಸಿ ತಾರೀಖು ಬರೆದಿಟ್ಟರಾಯಿತು. ಒಂದು ಮಳೆಗಾಲ ಕಳೆದು ಪಟ್ಟಿ ಹರಿದಿದ್ದರೆ ತಳಪಾಯವನ್ನು ಪರೀಕ್ಷಿಸಬೇಕು. ಗೋಡೆ ಹೊಟ್ಟೆಬಿಟ್ಟಿದ್ದರೆ ಮಾತ್ರ ಕಾಯುವಂತಿಲ್ಲ. ಆ ಕೋಣೆಯನ್ನು ಅಂದೇ ಬರಿದು ಮಾಡಿ ಇಂಜಿನಿಯರನ್ನು ಕರೆಸತಕ್ಕದ್ದು.

ಇನ್ನು ಸಿಮೆಂಟಿನ ಮೋಹ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದರೆ ಒಂದೆರಡು ವರ್ಷ ಚೆಲುವಾಗಿಯೇ ಕಾಣುತ್ತದೆ. ಸಣ್ಣ ಬಿರುಕಿನಲ್ಲಿ ಇಳಿದ ನೀರೂ ನೆಲದಿಂದ ಏರಿದ ತೇವವೂ ಹೊರಬರಲಾರದೆ ಒಳಗಿನ ಮಣ್ಣನ್ನು ಕೊಳೆಸುತ್ತವೆ. ಕಡೆಗೆ ಗಿಲಾವು ಹಪ್ಪಳದಂತೆ ಕಳಚಿ ಬೀಳುತ್ತದೆ. ಹುಲ್ಲು ಬೆರೆಸಿ ಕೊಳೆಯಿಸಿದ ಮಣ್ಣಿನ ಮೆತ್ತಿಗೆ, ಅದರ ಮೇಲೆ ಸುಣ್ಣ - ಇದು ಗೋಡೆಗೆ ಉಸಿರಾಡಲು ಬಿಡುತ್ತದೆ, ಖರ್ಚೂ ಕಡಿಮೆ. ಬಿದ್ದ ಗೋಡೆಯೊಂದನ್ನು ಹೊಸದಾಗಿ ಏರಿಸಬೇಕಾದರೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಇದನ್ನು ಬೆಳೆಸಿದರು. ಈ ಇಟ್ಟಿಗೆಗೆ ಸುಡುವ ಸೌದೆ ಬೇಡ. ನೆರಳಿನಲ್ಲಿಟ್ಟು ಮೂರು ವಾರ ನೀರುಣಿಸಿದರೆ ಸಾಕು.

ಗಾರೆ, ಮರ, ಮಣ್ಣು ಎಲ್ಲವೂ ಒದಗಿದರೂ ದುರಸ್ತಿ ನಿಂತುಹೋಗುವ ಇನ್ನೊಂದು ಕಾರಣವಿದೆ: ಹಿಸ್ಸೆ. ಅಣ್ಣತಮ್ಮಂದಿರು ಪಾಲಾಗಿ ತೊಟ್ಟಿಯ ನಡುವೆ ಗೋಡೆ ಏಳುತ್ತದೆ. ಗಾಳಿ ಬೆಳಕು ಅರ್ಧವಾಗುವುದು ಹಾಗಿರಲಿ, ತೊಟ್ಟಿಯ ನೀರು ಹೊರಹೋಗುವ ಬಚ್ಚಲು ಒಬ್ಬನ ಪಾಲಿಗೆ, ನೀರು ಸುರಿಯುವ ಸೂರು ಇನ್ನೊಬ್ಬನ ಪಾಲಿಗೆ! ನೀರು ಪಾಲುಪತ್ರವನ್ನು ಓದುವುದಿಲ್ಲ. ಅಡ್ಡಗೋಡೆಯ ಬುಡದಲ್ಲಿ ನಿಂತು ಎರಡು ಸಂಸಾರಗಳ ಗೋಡೆಯನ್ನೂ ನೆನೆಸುತ್ತದೆ. ಪಟ್ಟಣಕ್ಕೆ ಹೋಗಿ ನೆಲೆಸಿದ ತಮ್ಮ ತನ್ನ ಪಾಲಿಗೆ ಬೀಗ ಹಾಕಿದ್ದರೆ, ಅಲ್ಲಿ ಸರಿದ ಒಂದು ಹೆಂಚು ಇಲ್ಲಿರುವ ಅಣ್ಣನ ತೊಲೆಯನ್ನು ಕೊಳೆಯಿಸುತ್ತದೆ. ಪಾಲಾಗುವಾಗಲೇ ಸೂರು, ಬಚ್ಚಲು, ನಡುಗೋಡೆ ಇವುಗಳ ದುರಸ್ತಿ ಇಬ್ಬರದೂ ಎಂದು ಬರೆದಿಡುವುದು ಕ್ಷೇಮ. ಬರೆದಿಲ್ಲದವರು ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ ಮಾತಾಡಿಕೊಂಡರೂ ಆದೀತು.

ವಿದ್ಯುತ್ತಿನ ಕೆಲಸವನ್ನು ಗಿಲಾವಿಗೆ ಮುಂಚೆಯೇ ಮುಗಿಸಬೇಕು. ಮರದ ಪಟ್ಟಿಯ ಮೇಲೆ ಹಾಯಿಸಿದ ಹಳೆಯ ತಂತಿಯನ್ನು ಪೂರ್ತಿ ಕಿತ್ತು, ಕೊಳವೆಯೊಳಗೆ ಹೊಸ ತಂತಿ ಎಳೆಸಿ, ಅರ್ತಿಂಗ್ ಮಾಡಿಸಿ, 30 ಮಿಲಿ ಆಂಪಿಯರ್ ಸೋರಿಕೆಗೆ ತಾನೇ ಕಡಿದುಕೊಳ್ಳುವ ಸ್ವಿಚ್ಚನ್ನು ಕೂರಿಸತಕ್ಕದ್ದು. ಒದ್ದೆ ಗೋಡೆಯ ಮನೆಯಲ್ಲಿ ಇದು ಪ್ರಾಣ ಉಳಿಸುವ ಖರ್ಚು. ಬಾಗಿಲು ಕಂಬಗಳ ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಅದನ್ನು ಒಣಗಿದಂತೆಯೇ ಉಜ್ಜದೆ, ನೀರು ಚಿಮುಕಿಸಿ ಕೆರೆದು, ಮಕ್ಕಳನ್ನು ದೂರವಿರಿಸಬೇಕು. ಸುಣ್ಣ ಅರಳಿಸುವಾಗಲೂ ಕಣ್ಣಿನ ಮೇಲೆ ಎಚ್ಚರವಿರಲಿ.

ಕೆಲಸಕ್ಕೆ ತಕ್ಕ ಕಾಲ ಸುಗ್ಗಿ ಮುಗಿದ ಮೇಲೆ, ಮುಂಗಾರಿಗೆ ಮುಂಚೆ. ಗೋಡೆ ಒಣಗಿರುತ್ತದೆ, ಆಳುಗಳೂ ಸಿಗುತ್ತಾರೆ. ಎಲ್ಲವನ್ನೂ ಒಂದೇ ವರ್ಷ ಮಾಡಲಾಗದವರು ಈ ಬೇಸಗೆಯಲ್ಲಿ ಸೂರನ್ನೂ ಬಚ್ಚಲನ್ನೂ ಸರಿಪಡಿಸಿ, ಉಳಿದುದನ್ನು ಬರುವ ಬೇಸಗೆಗೆ ಇಟ್ಟುಕೊಳ್ಳಬಹುದು.